ನನ್ನೆದುರು ಮಾತ್ರ ಸರಿಯಾಗಿ ಓಡುವ ಗಾಡಿ

ಪೂರ್ತಿ ಕೆಟ್ಟು ನಿಂತ ಗಾಡಿಯನ್ನು ಸರಿಮಾಡುವುದು ಸುಲಭ. ಆಗಾಗ ಕೆಟ್ಟು ತಾನಾಗಿಯೇ ಸರಿಹೋಗುವ ಗಾಡಿಯೇ ಮೆಕ್ಯಾನಿಕ್‌ನ ತಾಳ್ಮೆಯನ್ನು ಪರೀಕ್ಷಿಸುವುದು. ಶಿಡ್ಲಘಟ್ಟದ ನನ್ನ ಗ್ಯಾರೇಜಿಗೆ ಬರುವ ಹಳೆಯ ಬೈಕ್‌ಗಳಲ್ಲಿ ಇಂಥವೇ ಹೆಚ್ಚು. ಬೆಳಗಿನ ಜಾವ ಡೇರಿಗೆ ಹಾಲಿನ ಕ್ಯಾನ್, ಆಮೇಲೆ ಮಾರುಕಟ್ಟೆಗೆ ರೇಷ್ಮೆಗೂಡಿನ ಚೀಲ, ಸಂಜೆ ತೋಟದಿಂದ ಹಿಪ್ಪುನೇರಳೆ ಸೊಪ್ಪು. ಹೀಗೆ ಮಳೆ, ಧೂಳು ನೋಡದೆ ದುಡಿದ ಗಾಡಿಯ ಎಂಜಿನ್ ಗಟ್ಟಿಯಾಗಿಯೇ ಇರುತ್ತದೆ. ಮೊದಲು ಸೋಲುವುದು ವೈರಿಂಗ್.

‘ನಡುದಾರಿಯಲ್ಲಿ ಆಫ್ ಆಗುತ್ತದೆ, ಇಲ್ಲಿಗೆ ತಂದರೆ ಏನೂ ಆಗುವುದಿಲ್ಲ’ ಎನ್ನುತ್ತಾರೆ. ಇಷ್ಟು ಕೇಳಿದ ಕೂಡಲೇ ಹೊಸ ಸಿಡಿಐ (ಪ್ಲಗ್‌ನ ಕಿಡಿಯನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಡಬ್ಬಿ) ಹಾಕುವ ಅಭ್ಯಾಸ ನಮ್ಮ ಕಸುಬಿನಲ್ಲಿ ಬೇರೂರಿದೆ. ಎರಡು ದಿನ ಗಾಡಿ ಸರಿಯಾಗಿ ಓಡುವುದೂ ಉಂಟು. ಅದಕ್ಕೆ ಕಾರಣ ಹೊಸ ಸಿಡಿಐ ಆಗಿರಬೇಕೆಂದೇನೂ ಇಲ್ಲ. ಹಳೆಯದನ್ನು ತೆಗೆದು ಹೊಸದನ್ನು ಸಿಕ್ಕಿಸುವಾಗ ವೈರ್‌ಗಳನ್ನು ಜೋಡಿಸುವ ಕಪ್ಲರ್ ಒಳಗಿನ ಪಿನ್‌ಗಳು ಉಜ್ಜಿಕೊಂಡು ಅಲ್ಲಿನ ಕಿಲುಬು ಸ್ವಲ್ಪ ಹೋಗಿರುತ್ತದೆ, ಅಷ್ಟೇ. ಮತ್ತೆ ಕಿಲುಬು ಹಿಡಿದಾಗ ಗಾಡಿ ಮತ್ತೆ ನಿಲ್ಲುತ್ತದೆ. ಆಗ ಪ್ಲಗ್‌ಗೆ ಕರೆಂಟ್ ಕೊಡುವ ಕಾಯಿಲ್ ಬದಲಿಸುತ್ತಾರೆ. ರೈತನ ಹಣ ಹೀಗೆ ಸೋರಿಹೋಗುವುದನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಆದ್ದರಿಂದ ನಾನು ಮೊದಲು ಸ್ಪ್ಯಾನರ್ ಹಿಡಿಯುವುದಿಲ್ಲ, ಗಾಡಿಯವರನ್ನು ಕೂರಿಸಿ ಕೇಳುತ್ತೇನೆ. ಎಂಜಿನ್ ನಿಂತಾಗ ಹಾರ್ನ್ ಹೊಡೆಯುತ್ತಿತ್ತೇ? ಬಿಸಿಯಾದ ಮೇಲೆ ನಿಲ್ಲುತ್ತದೆಯೇ, ತಣ್ಣಗಿರುವಾಗಲೂ ನಿಲ್ಲುತ್ತದೆಯೇ? ಹಳ್ಳ ಹಾರಿದಾಗಲೇ, ತಿರುವಿನಲ್ಲೇ, ಮಳೆಯಲ್ಲೇ? ಅದಕ್ಕೆ ಸ್ವಲ್ಪ ಮೊದಲು ಬೇರೆ ಯಾರು, ಏನು ಕೆಲಸ ಮಾಡಿದ್ದರು?

ಹಾರ್ನ್‌ನ ಪ್ರಶ್ನೆ ಸಣ್ಣದಾಗಿ ಕಾಣುತ್ತದೆ, ಆದರೆ ಅದೊಂದರಿಂದಲೇ ಅರ್ಧ ಗಾಡಿಯನ್ನು ಪಕ್ಕಕ್ಕಿಡಬಹುದು. ಹಳೆಯ ಸ್ಪ್ಲೆಂಡರ್‌ನಲ್ಲಿ ಕಿಡಿಗೆ ಬೇಕಾದ ವಿದ್ಯುತ್ ಬ್ಯಾಟರಿಯಿಂದ ಬರುವುದಿಲ್ಲ, ಎಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್‌ನಿಂದ ನೇರವಾಗಿ ಬರುತ್ತದೆ. ಹಾರ್ನ್, ಇಂಡಿಕೇಟರ್, ಬ್ರೇಕ್ ಲೈಟ್ ಬ್ಯಾಟರಿಯವು. ಎರಡೂ ಒಟ್ಟಿಗೆ ಸತ್ತರೆ ಎರಡಕ್ಕೂ ಸೇರಿದ ಕೀ ಲಾಕ್ ಮತ್ತು ಅರ್ಥಿಂಗ್ (ಕರೆಂಟ್ ಫ್ರೇಮ್‌ನ ಮೂಲಕ ಮರಳುವ ದಾರಿ) ಕಡೆ ನೋಡಬೇಕು. ಹಾರ್ನ್ ಜೋರಾಗಿ ಹೊಡೆಯುತ್ತಿದ್ದು ಎಂಜಿನ್ ಮಾತ್ರ ನಿಂತರೆ ಬ್ಯಾಟರಿ, ಫ್ಯೂಸ್ ಮುಟ್ಟುವ ಅಗತ್ಯವೇ ಇಲ್ಲ. ಇಂಥ ಗಾಡಿಗಳ ಹೆಡ್‌ಲೈಟ್ ಕೂಡ ಮ್ಯಾಗ್ನೆಟ್‌ನಿಂದಲೇ ಉರಿಯುವುದರಿಂದ ಐಡ್ಲಿಂಗ್‌ನಲ್ಲಿ ಮಂಕಾಗಿ, ಆಕ್ಸಿಲರೇಟರ್ ಕೊಟ್ಟಾಗ ಬೆಳಗುತ್ತದೆ. ಅದು ದೋಷವಲ್ಲ.

ಹಾಲು ಹಾಕುವ ಯಜಮಾನರೊಬ್ಬರ ಸ್ಪ್ಲೆಂಡರ್ ಇದೇ ರೀತಿ ಬಂದಿತ್ತು. ಸಿಡಿಐ, ಪ್ಲಗ್, ಕ್ಯಾಪ್ ಎಲ್ಲವನ್ನೂ ಬೇರೆ ಕಡೆ ಬದಲಿಸಿಯಾಗಿತ್ತು. ‘ಹಾರ್ನ್ ಹೊಡೆಯುತ್ತದೆ ಅಣ್ಣ, ಎಂಜಿನ್ ಮಾತ್ರ ನಿಲ್ಲುತ್ತದೆ. ಅದೂ ಡೇರಿಯ ಮುಂದೆ ಗಾಡಿ ತಿರುಗಿಸುವಾಗಲೇ ಹೆಚ್ಚು’ ಎಂದರು. ರಸ್ತೆಯ ತಿರುವಿನಲ್ಲಿ ಹ್ಯಾಂಡಲ್ ಸ್ವಲ್ಪವೇ ವಾಲುತ್ತದೆ. ಇಕ್ಕಟ್ಟಿನ ಜಾಗದಲ್ಲಿ ತಿರುಗಿಸುವಾಗ ಕೊನೆಯವರೆಗೂ ಹೋಗುತ್ತದೆ. ಎಂಜಿನ್ ಚಾಲೂ ಮಾಡಿ ಹ್ಯಾಂಡಲನ್ನು ನಿಧಾನವಾಗಿ ಬಲಗಡೆಗೆ ತುದಿಮುಟ್ಟ ತಿರುಗಿಸಿದೆ. ಕೆಮ್ಮದೆ, ತಡವರಿಸದೆ ಎಂಜಿನ್ ಥಟ್ಟನೆ ನಿಂತಿತು. ಪೆಟ್ರೋಲ್ ಸಾಲದೆ ನಿಲ್ಲುವ ಗಾಡಿ ಹೀಗೆ ನಿಲ್ಲುವುದಿಲ್ಲ.

ಈ ಗಾಡಿಯಲ್ಲಿ ಕಪ್ಪಿನ ಮೇಲೆ ಬಿಳಿ ಗೆರೆಯ ಒಂದು ವೈರ್ ಸಿಡಿಐನಿಂದ ಕೀ ಲಾಕ್‌ಗೆ ಹೋಗುತ್ತದೆ. ಕೀ ಆಫ್ ಮಾಡಿದಾಗ ಅದು ಅರ್ಥ್‌ಗೆ ಸೇರಿ ಕಿಡಿ ನಿಲ್ಲುತ್ತದೆ. ದಾರಿಯಲ್ಲಿ ಆ ವೈರ್ ಎಲ್ಲಿಯಾದರೂ ಫ್ರೇಮ್‌ಗೆ ತಗಲಿದರೂ ಆಗುವುದು ಅದೇ. ಸಿಡಿಐ ಹತ್ತಿರ ಆ ಒಂದು ವೈರನ್ನು ಬಿಡಿಸಿ ಮತ್ತೆ ತಿರುಗಿಸಿದೆ, ಎಂಜಿನ್ ನಿಲ್ಲಲಿಲ್ಲ. (ಹೀಗೆ ಬಿಡಿಸಿದಾಗ ಕೀ ತಿರುಗಿಸಿದರೂ ಎಂಜಿನ್ ಆಫ್ ಆಗುವುದಿಲ್ಲ. ಗೇರ್ ಹಾಕಿ, ಬ್ರೇಕ್ ಒತ್ತಿ, ಕ್ಲಚ್ ಬಿಟ್ಟು ನಿಲ್ಲಿಸಬೇಕು. ಹೊಸಬರು ಇದನ್ನು ಮೊದಲೇ ತಿಳಿದಿರಲಿ.) ಹೆಡ್‌ಲೈಟ್ ಬಿಚ್ಚಿ ನೋಡಿದರೆ, ಫ್ರೇಮ್‌ನ ಕುತ್ತಿಗೆಯ ಬಳಿ ವೈರಿಂಗ್ ಕಟ್ಟನ್ನು ಯಾರೋ ಪ್ಲಾಸ್ಟಿಕ್ ಟೈ ಹಾಕಿ ಬಿಗಿದಿದ್ದರು. ಹ್ಯಾಂಡಲ್ ಬಲಕ್ಕೆ ಹೋದಾಗಲೆಲ್ಲ ಕಟ್ಟು ಜಗ್ಗಿ ಕಬ್ಬಿಣದ ಅಂಚಿಗೆ ಉಜ್ಜುತ್ತಿತ್ತು. ಟೇಪ್ ಬಿಡಿಸಿದಾಗ ಅದೇ ಕಪ್ಪು-ಬಿಳಿ ವೈರಿನ ಹೊದಿಕೆ ಸವೆದು, ಸಾಸಿವೆ ಕಾಳಿನಷ್ಟು ತಾಮ್ರ ಹೊಳೆಯುತ್ತಿತ್ತು. ಫ್ರೇಮ್‌ನ ಮೇಲೂ ಅದೇ ಎತ್ತರದಲ್ಲಿ ಬಣ್ಣ ಹೋದ ಒಂದು ಗೀರು.

ಬಿಸಿಯಾದ ಮೇಲೆ ನಿಲ್ಲುವ ಗಾಡಿಗಳ ದಾರಿ ಬೇರೆ. ಪಿಕಪ್ ಕಾಯಿಲ್ (ಕಿಡಿಯ ಸಮಯವನ್ನು ಸಿಡಿಐಗೆ ತಿಳಿಸುವುದು) ಅಥವಾ ಎಚ್‌ಟಿ ಕಾಯಿಲ್‌ನ (ಪ್ಲಗ್‌ಗೆ ಹೆಚ್ಚಿನ ವೋಲ್ಟ್ ಕೊಡುವುದು) ಒಳಗಿನ ಸಣ್ಣ ತಂತಿ ಬಿಸಿಗೆ ಹಿಗ್ಗಿ ಸಂಪರ್ಕ ಬಿಡುತ್ತದೆ, ತಣಿದಾಗ ಕೂಡಿಕೊಳ್ಳುತ್ತದೆ. ತಣ್ಣಗಿರುವಾಗ ಕರೆಂಟ್ ಅಳೆಯುವ ಮೀಟರ್ ಇಟ್ಟರೆ ಎಲ್ಲವೂ ಸರಿಯೆಂದೇ ತೋರಿಸುತ್ತದೆ. ಗಾಡಿಯನ್ನು ಓಡಿಸಿ, ನಿಂತ ಕ್ಷಣದಲ್ಲೇ ಇನ್ನೊಂದು ಪ್ಲಗ್ ಸಿಕ್ಕಿಸಿ, ಎಂಜಿನ್‌ಗೆ ತಾಗಿಸಿಟ್ಟು ಕಿಕ್ಕರ್ ಹೊಡೆದು ಕಿಡಿ ನೋಡಬೇಕು. ಕಿಡಿ ಚೆನ್ನಾಗಿದ್ದರೆ ಟ್ಯಾಂಕಿನ ಮುಚ್ಚಳ ತೆಗೆದು ನೋಡಿ. ಮುಚ್ಚಳದ ಗಾಳಿ ತೂತು ಧೂಳಿನಿಂದ ಮುಚ್ಚಿದ್ದರೂ ಪೆಟ್ರೋಲ್ ಇಳಿಯದೆ ಗಾಡಿ ಕೆಲವು ಕಿಲೋಮೀಟರ್ ಓಡಿ ನಿಂತು, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಚಾಲೂ ಆಗುತ್ತದೆ. ಕರೆಂಟ್ ದೋಷವೆಂದು ಬಂದ ಗಾಡಿಯಲ್ಲಿ ಈ ಮುಚ್ಚಳವೇ ಕಾರಣವಾಗಿರಲು ಸಾಧ್ಯವಿದೆ, ನೋಡಲು ಕಾಸೂ ಖರ್ಚಿಲ್ಲ.

ಮೀಟರ್ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಒಂದೇ ಎಳೆ ಉಳಿದ ವೈರಿನಲ್ಲೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. 21 ವ್ಯಾಟ್‌ನ ಬ್ರೇಕ್ ಲೈಟ್ ಬಲ್ಬಿಗೆ ಎರಡು ವೈರ್ ಬೆಸೆದು ನಾನು ಇಟ್ಟುಕೊಂಡಿದ್ದೇನೆ. ಅದು ಒಂದೂಮುಕ್ಕಾಲು ಆಂಪಿಯರ್‌ನಷ್ಟು ಎಳೆಯುವುದರಿಂದ ಸೊರಗಿದ ವೈರಿಗೆ ಹಚ್ಚಿದ ಕೂಡಲೇ ಮಂಕಾಗಿ ಗುಟ್ಟು ಬಿಟ್ಟುಕೊಡುತ್ತದೆ. ಅರ್ಥಿಂಗ್ ನೋಡಬೇಕಾದರೆ ಬ್ರೇಕ್ ಲೈಟ್, ಇಂಡಿಕೇಟರ್ ಉರಿಯುತ್ತಿರುವಾಗಲೇ ಬ್ಯಾಟರಿಯ ನೆಗೆಟಿವ್‌ಗೂ ಫ್ರೇಮ್‌ಗೂ ನಡುವೆ ವೋಲ್ಟ್ ಅಳೆಯುತ್ತೇನೆ. 0.2ರ ಒಳಗಿದ್ದರೆ ನೆಮ್ಮದಿ. ಅರ್ಧ ವೋಲ್ಟ್ ದಾಟಿದರೆ ಅರ್ಥ್ ಬೋಲ್ಟ್ ಬಿಚ್ಚುತ್ತೇನೆ. ಹೊಸದಾಗಿ ಪೇಂಟ್ ಮಾಡಿಸಿದ ಹಳೆಯ ಗಾಡಿಗಳಲ್ಲಿ ಆ ಬೋಲ್ಟಿನ ಕೆಳಗೆ ದಪ್ಪನೆಯ ಬಣ್ಣ ಕೂತಿರುತ್ತದೆ. ಬಣ್ಣದ ಮೂಲಕ ಕರೆಂಟ್ ಹರಿಯಬೇಕೆಂದರೆ ಹೇಗೆ? ಉಪ್ಪುಕಾಗದದಿಂದ ಕೆರೆದು, ಬಿಗಿದು, ಮೇಲೆ ಸ್ವಲ್ಪ ಗ್ರೀಸ್ ಸವರಿದರೆ ಆ ಕೆಲಸ ಮುಗಿಯಿತು.

ಈ ಕೆಲಸದಲ್ಲಿ ದೊಡ್ಡ ತೊಡಕು ಕೂಲಿಯದು. ಹೊಸ ಸಿಡಿಐ ಡಬ್ಬಿಗೆ ಹಣ ಕೊಡಲು ಯಾರೂ ಹಿಂದೆಮುಂದೆ ನೋಡುವುದಿಲ್ಲ. ಅರ್ಧ ದಿನ ಹುಡುಕಿ ಒಂದು ವೈರ್ ಸರಿಮಾಡಿದರೆ ‘ಟೇಪ್ ಸುತ್ತಿದ್ದಕ್ಕೆ ಇಷ್ಟೊಂದೇ?’ ಎನ್ನುತ್ತಾರೆ. ಹಾಗಾಗಿ ಟೇಪ್ ಸುತ್ತುವ ಮೊದಲು ಗಾಡಿಯವರನ್ನೇ ಕರೆದು ತೋರಿಸುತ್ತೇನೆ. ಹಾಲಿನ ಯಜಮಾನರಿಗೂ ಹ್ಯಾಂಡಲ್ ಕೊಟ್ಟು, ‘ನೀವೇ ತಿರುಗಿಸಿ ನೋಡಿ’ ಎಂದೆ. ತಾಮ್ರ ಫ್ರೇಮ್‌ಗೆ ತಾಗುವುದನ್ನೂ ಎಂಜಿನ್ ನಿಲ್ಲುವುದನ್ನೂ ಕಣ್ಣಾರೆ ಕಂಡರು. ಆ ಜಾಗದಲ್ಲಿ ವೈರ್ ಬದಲಿಸಿ, ಬೆಸುಗೆ ಹಾಕಿ, ಮೇಲೆ ಸ್ಲೀವ್ ಎಳೆದು, ಹ್ಯಾಂಡಲ್ ಎರಡೂ ಕಡೆ ತಿರುಗುವಷ್ಟು ಸಡಿಲ ಬಿಟ್ಟು ಕಟ್ಟಿದೆ. ಕೇಳಿದ ಕೂಲಿಯನ್ನು ಚೌಕಾಸಿ ಮಾಡದೆ ಕೊಟ್ಟರು. ಬದಲಿಸಿದ್ದ ಹಳೆಯ ಸಿಡಿಐ ಮನೆಯಲ್ಲೇ ಇದೆ, ಅದು ಸರಿಯಿರಬಹುದೇ ಎಂದು ಕೇಳಿದರು. ತಂದುಕೊಡಿ, ಹಾಕಿ ಓಡಿಸಿ ನೋಡೋಣ ಎಂದಿದ್ದೇನೆ.