ನಡುವಿನ ಪದರ

ಬ್ಯಾಗ್ ಖಾಲಿ ಮಾಡುವಾಗ ತಳದಲ್ಲಿ ಒಂದು ಹಳೇ ಮಾಸ್ಕ್ ಸಿಕ್ಕಿತು. ಸುಮ್ನೆ ಕತ್ತರಿಸಿ ನೋಡಿದೆ.

ಮೂರು ಪದರ. ನಡುವಿನದು ತೆಳ್ಳಗೆ, ಬೆಳ್ಳಗೆ, ಬೆರಳಿಗೇ ಅಂಟಿಕೊಳ್ಳುತ್ತದೆ. ತನ್ನ ವಿದ್ಯುತ್ ಸೆಳೆತದಿಂದ ಸಣ್ಣ ಸಣ್ಣ ಕಣಗಳನ್ನು ಹಿಡಿಯುವುದು ಇದೇ.

ಮುಟ್ಟಿದರೆ ಬಟ್ಟೆ ಅನ್ನಿಸುತ್ತದೆ, ಅಲ್ವಾ? ಆದರೆ ಪೂರ್ತಿ ಪ್ಲಾಸ್ಟಿಕ್, ಪಾಲಿಪ್ರೊಪಿಲೀನ್. ನಾಲ್ಕು ಗಂಟೆ ಹಾಕಿಕೊಂಡು ಬಿಸಾಡಿದ್ದು ಮಣ್ಣಲ್ಲಿ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ.

ಮೆಕ್ಕೆಜೋಳದ ಪಿಷ್ಟದಿಂದ ಮಾಡುವ ಒಂದು ಬಗೆಯ ಪ್ಲಾಸ್ಟಿಕ್ ಆದ ಪಿಎಲ್‌ಎ, ಮರದ ತಿರುಳಿನ ಸೆಲ್ಯುಲೋಸ್, ಬಾಳೆನಾರು... ಇವುಗಳಿಂದ ಮಾಸ್ಕ್ ಮಾಡುವ ಪ್ರಯತ್ನ ನಡೆಯುತ್ತಲೇ ಇದೆ. ಜಾಸ್ತಿ ಕಷ್ಟ ಈ ನಡುವಿನ ಪದರದ್ದೇ. ಉಸಿರಿನ ತೇವ ತಾಗಿದರೂ ಸೆಳೆತ ಉಳಿಯಬೇಕು, ಬಿಸಾಡಿದ ಮೇಲೆ ಕೊಳೆಯಲೂ ಬೇಕು. ಪಿಎಲ್‌ಎ ಕೂಡ ಬೇಗ ಕೊಳೆಯಬೇಕಾದರೆ ಸುಮಾರು 60 ಡಿಗ್ರಿ ಬಿಸಿ ಬೇಕು.

ಆ ಪದರ ಇನ್ನೂ ಮೇಜಿನ ಮೇಲಿದೆ. ಕಸದ ಬುಟ್ಟಿಗೆ ಹಾಕಲು ಮನಸ್ಸು ಬರುತ್ತಿಲ್ಲ.