ಎಂಜಿಬಿ: ಮೊದಲು ಸಿಲ್ ನೋಡಿ, ಆಮೇಲೆ ಎಂಜಿನ್

ಎಂಜಿಬಿ ಎಂಬ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಬಾನೆಟ್ ಎತ್ತಿ ನೋಡುವಷ್ಟು ಸಲ ಕಾರಿನ ಅಡಿಗೆ ಬಗ್ಗಿ ನೋಡುವುದಿಲ್ಲ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್‌ಡನ್‌ನಲ್ಲಿ ತಯಾರಾದ ಈ ಕಾರಿನ 1798 ಸಿಸಿ ಎಂಜಿನ್ ಬಲು ಗಟ್ಟಿ. ಸವೆದರೂ ಬಿಚ್ಚಿ ಕಟ್ಟಬಹುದು, ಬಿಡಿಭಾಗಕ್ಕೆ ಬರವಿಲ್ಲ. ಬಾಡಿ ಹಾಗಲ್ಲ. ಪ್ರತ್ಯೇಕ ಚಾಸಿಸ್ (ಅಡಿಯ ಗಟ್ಟಿ ಚೌಕಟ್ಟು) ಇಲ್ಲ, ತೆರೆದ ಮಾದರಿಯಾದ ರೋಡ್‌ಸ್ಟರ್‌ಗೆ ಗಟ್ಟಿ ಛಾವಣಿಯೂ ಇಲ್ಲ. ಮುಂದಿನ ಅರ್ಧ, ಹಿಂದಿನ ಅರ್ಧ ಎರಡನ್ನೂ ಒಂದಾಗಿ ಹಿಡಿದಿರುವುದು ಮುಖ್ಯವಾಗಿ ಬಾಗಿಲ ಕೆಳಗಿನ ಸಿಲ್‌ಗಳು, ನಡುವೆ ಗೇರ್‌ಬಾಕ್ಸ್ ಮುಚ್ಚುವ ಉದ್ದ ಉಬ್ಬು, ಅಂದರೆ ಟನಲ್.

ಸಿಲ್ ಅಂದರೆ ಒಂದೇ ತಗಡಲ್ಲ. ಹೊರಗಿನದು, ಒಳಗಿನದು, ಅಡಿಯಲ್ಲಿ ಕ್ಯಾಸಲ್ ರೈಲ್ ಎಂಬ ಉದ್ದ ಪಟ್ಟಿ, ಎಲ್ಲ ಸೇರಿ ಒಂದು ಪೆಟ್ಟಿಗೆ. ಮುಂದಿನ ಚಕ್ರ ಎರಚಿದ ಕೆಸರು, ಚಕ್ರದ ಮೇಲಿನ ಹೊರತಗಡಾದ ವಿಂಗ್‌ನ ಹಿಂದಿನ ಕೆಳಮೂಲೆಯಲ್ಲಿ ಸೇರಿ ವರ್ಷಗಟ್ಟಲೆ ಒದ್ದೆಯಾಗಿ ಕೂರುತ್ತದೆ. ತುಕ್ಕು ಅಲ್ಲಿ ಹುಟ್ಟಿ ಒಳಗಿನಿಂದ ಹೊರಗೆ ಬರುತ್ತದೆ. ಪೇಂಟ್ ಗುಳ್ಳೆ ಎದ್ದಾಗ ಒಳಗಿನ ತಗಡು ಬಹುಪಾಲು ಹೋಗಿರುತ್ತದೆ. ಒಂದು ಸುಲಭ ಪರೀಕ್ಷೆ: ಬಾಗಿಲ ಹಿಂದಂಚಿನ ಸಂದಿಯನ್ನು ಮೇಲೆ, ಕೆಳಗೆ ಅಳೆಯಿರಿ. ಕಾರನ್ನು ಜಾಕ್‌ನಲ್ಲಿ ಎತ್ತಿ ಮತ್ತೆ ಅಳೆಯಿರಿ. ಸಂದಿ ಬದಲಾದರೆ, ಬಾಗಿಲು ಬಿಗಿ ಹಿಡಿದರೆ, ಬಾಡಿ ಬಾಗುತ್ತಿದೆ ಎಂದೇ ಲೆಕ್ಕ.

ಹಳೇ ಸಿಲ್ ಮೇಲೆ ಹೊಸ ತಗಡು ಹೊದಿಸಿ ಬೆಸೆಯುವುದು ರಿಪೇರಿಯಲ್ಲ, ಮುಚ್ಚಿಡುವಿಕೆ. ಅಸಲಿ ಹೊರ ಸಿಲ್ ವಿಂಗ್‌ಗಳ ಅಡಿಗೂ ಸಾಗುತ್ತದೆ. ಹಾಗಾಗಿ ವಿಂಗ್‌ನ ಕೆಳಭಾಗ ಕತ್ತರಿಸದೆ ಸರಿಯಾದ ಕೆಲಸ ಆಗುವುದೇ ಇಲ್ಲ. ಕತ್ತರಿಸುವ ಮೊದಲು ಬಾಗಿಲ ಜಾಗಕ್ಕೆ ಅಡ್ಡ ಕಂಬಿ ಬೆಸೆಯಿರಿ. ಇಲ್ಲದಿದ್ದರೆ ಕೆಲಸ ಮುಗಿದ ಮೇಲೆ ಬಾಗಿಲು ಕೂರುವುದಿಲ್ಲ. ಆಮೇಲೆ ಒಳಗೆಲ್ಲ ತುಕ್ಕು ತಡೆಯುವ ವ್ಯಾಕ್ಸ್ ಹೊಡೆಯಿರಿ, ನೀರು ಇಳಿಯುವ ತೂತು ಮುಚ್ಚದಂತೆ. ಗಾಜಿನ ಮುಂದಿನ ಗಾಳಿಗೂಡಿಗೂ ಒಂದು ನೀರಿನ ಕೊಳವೆ ಇದೆ. ಅದರಲ್ಲಿ ಎಲೆ ಕಟ್ಟಿಕೊಂಡರೆ ನೀರು ಕಾಲಡಿಯ ಕಾರ್ಪೆಟ್‌ಗೆ ಬರುತ್ತದೆ.

ಸ್ಟಿಯರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಹೊರಳುವ ಕೀಲಾದ ಕಿಂಗ್‌ಪಿನ್‌ಗೆ ಪ್ರತಿ 3000 ಮೈಲಿಗೆ (ಸುಮಾರು 4800 ಕಿ.ಮೀ.) ಗ್ರೀಸ್ ಬೇಕು. ಚಕ್ರ ನೆಲದಿಂದ ಎತ್ತಿರಲಿ, ಹಳೇ ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಗನ್ ಒತ್ತಿ. ಇದನ್ನು ಬಿಟ್ಟವರೇ ಸ್ಟಿಯರಿಂಗ್ ಭಾರ ಅನ್ನುವುದು.

ಎಂಜಿನ್ನಿಗೆ ಗಾಳಿ, ಪೆಟ್ರೋಲ್ ಬೆರೆಸಿ ಕೊಡುವ ಎಸ್‌ಯು ಕಂಪನಿಯ ಕಾರ್ಬ್ಯುರೇಟರ್ ಜೋಡಿಗೆ ಸುಮ್ಮನೆ ಕೆಟ್ಟ ಹೆಸರು. ಅವನ್ನು ಮುಟ್ಟುವ ಮೊದಲು ಟ್ಯಾಪೆಟ್, ಅಂದರೆ ವಾಲ್ವ್ ಸಂದಿ (ತಣ್ಣಗಿದ್ದಾಗ 15 ಥೌ, ಅಂದರೆ ಇಂಚಿನ ಸಾವಿರದಲ್ಲಿ 15 ಭಾಗ, 0.38 ಮಿ.ಮೀ.), ಕಿಡಿ ಹುಟ್ಟಿಸುವ ಪಾಯಿಂಟ್‌ಗಳ ಸಂದಿ (15 ಥೌ), ಕಿಡಿಯ ಟೈಮಿಂಗ್ ಸರಿಪಡಿಸಿ, ಅರ್ಧ ದೂರು ಅಲ್ಲೇ ಮುಗಿಯುತ್ತದೆ. ಟ್ಯಾಪೆಟ್‌ಗೆ ಒಂಬತ್ತರ ಲೆಕ್ಕ: 8ನೇ ವಾಲ್ವ್ ಪೂರ್ತಿ ತೆರೆದಾಗ 1ನೆಯದರ ಸಂದಿ ಹೊಂದಿಸಿ, 6 ತೆರೆದಾಗ 3ನೆಯದರದು, ಎರಡರ ಮೊತ್ತ ಸದಾ ಒಂಬತ್ತು. ಆಮೇಲೆ ಎಂಜಿನ್ ಬಿಸಿ ಮಾಡಿ, ಏರ್ ಫಿಲ್ಟರ್ ತೆಗೆದು, ಎರಡೂ ಕಾರ್ಬ್‌ಗಳ ಥ್ರಾಟಲ್ ಜೋಡಣೆ ಸಡಿಲಿಸಿ. ಸಣ್ಣ ಕೊಳವೆಯ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಒಂದೊಂದೇ ಕಾರ್ಬ್‌ನ ಬಾಯಿಗೆ. ಸುಸ್ ಶಬ್ದ ಎರಡರಲ್ಲೂ ಒಂದೇ ಆಗುವವರೆಗೆ ಐಡಲ್ ಸ್ಕ್ರೂ ತಿರುಗಿಸಿ. ಮಿಕ್ಸ್ಚರ್‌ಗೆ (ಗಾಳಿ, ಪೆಟ್ರೋಲ್ ಪ್ರಮಾಣಕ್ಕೆ) ಕಾರ್ಬ್ ಒಳಗಿನ ಪಿಸ್ಟನ್ನನ್ನು ಕೂದಲೆಳೆಯಷ್ಟು, ಹೆಚ್ಚೆಂದರೆ 1 ಮಿ.ಮೀ., ಎತ್ತಿ ನೋಡಿ. ವೇಗ ತುಸು ಏರಿ ಮತ್ತೆ ನೆಲೆಗೆ ಬಂದರೆ ಸರಿ. ಏರಿ ಏರಿಯೇ ಇದ್ದರೆ ಪೆಟ್ರೋಲ್ ಹೆಚ್ಚು. ಎಂಜಿನ್ ಉಸಿರುಗಟ್ಟಿದರೆ ಕಮ್ಮಿ. ಮೊದಲ ವರ್ಷಗಳ ಕಾರ್ಬ್‌ಗಳಲ್ಲಿ ಕೆಳಗಿನ ನಟ್ಟನ್ನು ಒಂದೊಂದೇ ಮುಖ ತಿರುಗಿಸಿ, ಅವಸರ ಬೇಡ. ಕಾರ್ಬ್ ಮೇಲಿನ ಎಣ್ಣೆ ಕೊಳವೆಯಾದ ಡ್ಯಾಶ್‌ಪಾಟ್‌ಗೆ ತೆಳು ಎಂಜಿನ್ ಆಯಿಲ್ ಸಾಕು. ಅದು ಖಾಲಿಯಾದರೆ ಗಕ್ಕನೆ ಆಕ್ಸಿಲರೇಟರ್ ಒತ್ತಿದಾಗ ಪಿಸ್ಟನ್ ಬೇಗ ಮೇಲೆದ್ದು ಕಾರು ತಡವರಿಸುತ್ತದೆ.

ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಿಂದ ಸಾಮಾನ್ಯ ಪೆಟ್ರೋಲ್‌ನಲ್ಲಿ ಶೇ. 10ರವರೆಗೆ ಎಥೆನಾಲ್ ಇರುತ್ತದೆ. ಹಳೇ ರಬ್ಬರ್ ಹೋಸ್ ಅದಕ್ಕೆ ತಡೆಯುವುದಿಲ್ಲ. ಎಥೆನಾಲ್‌ಗೆ ಒಗ್ಗುವ ಹೋಸ್ ಹಾಕಿ.

ವೈರಿಂಗ್‌ನಲ್ಲಿ ಒಂದೇ ಮಾತು: 1967ರವರೆಗಿನ ಕಾರುಗಳಿಗೆ ಪಾಸಿಟಿವ್ ಅರ್ತ್ (ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರಿರುತ್ತದೆ), ನೋಡದೆ ಬ್ಯಾಟರಿ ಜೋಡಿಸಬೇಡಿ. ಈ ಕಾರಿನಲ್ಲಿ ಕ್ಲಚ್ ಬದಲಿಸಲು ಎಂಜಿನ್ನೇ ಹೊರಗೆ ಬರಬೇಕು. ಮತ್ತೆ ಕೂರಿಸುವಾಗ ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ತ್ ಪಟ್ಟಿ ಮರೆತುಹೋಗುವುದುಂಟು. ಆಗ ಸ್ಟಾರ್ಟರ್ ಕರೆಂಟ್ ಚೋಕ್ ಕೇಬಲ್ ಹಿಡಿದು ಹರಿಯುತ್ತದೆ. ಸ್ಟಾರ್ಟ್ ಮಾಡಿದಾಗ ಚೋಕ್ ಕೇಬಲ್ ಬಿಸಿಯಾದರೆ, ಹೊಗೆ ಬಂದರೆ, ಮೊದಲು ಆ ಪಟ್ಟಿ ಹುಡುಕಿ.