ಒಂದು 'ಎಲ್' ಅಕ್ಷರ

ಮಳೆಗಾಲ ಪೂರ್ತಿ ಸಕಲೇಶಪುರದ ತೋಟದ ಶೆಡ್ಡಿನಲ್ಲಿ ನಿಂತಿದ್ದ ಎಟಿವಿ, ಅಂದರೆ ಗುಡ್ಡಗಾಡಲ್ಲಿ ಓಡಿಸುವ ನಾಲ್ಕು ಚಕ್ರದ ಬೈಕು. ಮೊನ್ನೆ ಸ್ಟಾರ್ಟ್ ಬಟನ್ ಒತ್ತಿದರೆ ಬರೀ ಟಕ್ ಟಕ್. ಬ್ಯಾಟರಿಗೆ ಮೀಟರ್ ಇಟ್ಟು ನೋಡಿದೆ, 10.4 ವೋಲ್ಟ್. ಫುಲ್ ಚಾರ್ಜ್ ಇದ್ದರೆ 12.7ರ ಹತ್ತಿರ ಇರಬೇಕಿತ್ತು. ರಾತ್ರಿಯೆಲ್ಲ ಚಾರ್ಜಿಗೆ ಹಾಕಿದರೂ ಹಿಡಿಯಲಿಲ್ಲ.

ಹಳೇ ಬ್ಯಾಟರಿ ಮೇಲೆ 'ವೈಟಿಎಕ್ಸ್20ಎಲ್-ಬಿಎಸ್' ಅಂತ ಮಾಡೆಲ್ ನಂಬರ್ ಇತ್ತು. ಅಂಗಡಿಯವರು "ಇದೂ ಅದೇ ಸಾರ್, 18 ಎಎಚ್" ಅಂತ ಸಾಮರ್ಥ್ಯದ ಲೆಕ್ಕ ಹೇಳಿ ವೈಟಿಎಕ್ಸ್20 ಕೊಟ್ಟು ಕಳಿಸಿದರು. ಟ್ರೇಯಲ್ಲಿ ಚೆನ್ನಾಗಿಯೇ ಕೂತಿತು. ಆದರೆ ಪ್ಲಸ್ ವೈರ್ ಟರ್ಮಿನಲ್‌ಗೆ ಎರಡು ಬೆರಳು ಗಿಡ್ಡ! ಟರ್ಮಿನಲ್ ಇರುವ ಬದಿ ನಮ್ಮ ಕಡೆ ಇಟ್ಟು ನೋಡಿದರೆ, ಈ ಸೈಜಿನಲ್ಲಿ ಎಲ್ ಇದ್ದರೆ ಪ್ಲಸ್ ಬಲಕ್ಕೆ, ಇಲ್ಲದಿದ್ದರೆ ಎಡಕ್ಕೆ. ಅವಸರದಲ್ಲಿ ಉಲ್ಟಾ ಕೊಟ್ಟಿದ್ದರೆ ಫ್ಯೂಸ್ ಢಮಾರ್, ಅದೃಷ್ಟ ಕೆಟ್ಟಿದ್ದರೆ ರೆಕ್ಟಿಫೈಯರ್ (ಎಂಜಿನ್ನಿನಿಂದ ಬರುವ ಕರೆಂಟನ್ನು ಬ್ಯಾಟರಿಗೆ ಒಗ್ಗಿಸುವ ಭಾಗ) ಕೂಡ. ಮತ್ತೆ ಪೇಟೆಗೆ ಹೋಗಿ ಬದಲಾಯಿಸಿ ತಂದೆ. ಸೀಲ್ ಆಗಿರುವ ಎಜಿಎಂ (ಆಸಿಡ್ಡನ್ನು ಗಾಜಿನ ನಾರಿನ ಹಾಳೆ ಹೀರಿಕೊಂಡಿರುವ) ಬ್ಯಾಟರಿಯನ್ನೇ ಕೇಳಿ ತಗೊಂಡೆ. ನಮ್ಮ ಏರು ತಗ್ಗಿನಲ್ಲಿ ಆಸಿಡ್ ಚೆಲ್ಲುವ ತಲೆನೋವು ಯಾಕೆ, ಅಲ್ವಾ?

ಅಪ್ಪ ಮಳೆಗಾಲದಲ್ಲಿ ದಿನ ಬಿಟ್ಟು ದಿನ ಜೀಪನ್ನು ಸುಮ್ನೆ ಸ್ಟಾರ್ಟ್ ಮಾಡಿ, ಮೇಲಿನ ಗೇಟಿನ ತನಕ ಓಡಿಸಿಕೊಂಡು ಬರುತ್ತಿದ್ದರು. ಡೀಸೆಲ್ ದಂಡ ಅಂತ ನಾನು ಗೊಣಗುತ್ತಿದ್ದೆ. ಹೊಸ ಬ್ಯಾಟರಿಗೆ ಬೋಲ್ಟ್ ಬಿಗಿಯುವಾಗ ಅದೇ ನೆನಪಾಗುತ್ತಿತ್ತು.